ಆಶ್ರಯ ಬಿಟ್ಟು ಹೊರಡುವ ತರುಣರು: ಇಂಗ್ಲೆಂಡಿನ ಕೌನ್ಸಿಲುಗಳ ಹೊಣೆ

ಇಂಗ್ಲಿಷಿನ ‘ಕೇರ್’ ಎಂಬ ಮಾತಿಗೆ ಅಕ್ಕರೆ, ಆರೈಕೆ, ಎಚ್ಚರ ಎಂದು ಬಗೆಬಗೆಯ ಅರ್ಥಗಳುಂಟು. ಇಂಗ್ಲೆಂಡಿನ ಸಮಾಜಕಲ್ಯಾಣದ ಕಚೇರಿಗಳಲ್ಲಿ ಅದೇ ಮಾತು ಒಂದು ಪಾರಿಭಾಷಿಕ ಪದವಾಗಿ ನಿಂತಿದೆ. ತಂದೆತಾಯಿಯರ ಬಳಿ ಇರಲಾಗದ ಮಗುವನ್ನು ಸ್ಥಳೀಯ ಆಡಳಿತ ಮಂಡಳಿ, ಎಂದರೆ ಕೌನ್ಸಿಲು, ತನ್ನ ಪಾಲನೆಗೆ ತೆಗೆದುಕೊಂಡರೆ ಆ ಮಗು ‘ಕೇರ್‌ನಲ್ಲಿದೆ’ ಎನ್ನುತ್ತಾರೆ. ಹದಿನೆಂಟು ವರ್ಷ ತುಂಬಿದಾಗ ‘ಕೇರ್ ಬಿಟ್ಟಿತು’ ಎನ್ನುತ್ತಾರೆ. ಅಕ್ಕರೆಯನ್ನು ಯಾರಾದರೂ ಬಿಟ್ಟುಹೋಗುವುದುಂಟೆ ಎಂದು ಕೇಳಿದರೆ ಮೇಲುನೋಟಕ್ಕೆ ಬರಿಯ ಶಬ್ದಚಮತ್ಕಾರವೆನಿಸೀತು. ಆದರೆ ಆ ದೇಶದ ಪಾರ್ಲಿಮೆಂಟು ಎಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಪ್ರಶ್ನೆಯನ್ನೇ ಬೇರೆ ಬೇರೆ ಮಾತುಗಳಲ್ಲಿ ಕೇಳಿಕೊಳ್ಳುತ್ತ ಬಂದಿದೆ. ಉತ್ತರವನ್ನು ಕಂತುಕಂತಾಗಿ ಕೊಡುತ್ತ ಬಂದಿದೆ.

ನಮ್ಮಲ್ಲಿ ಇಂಥ ಮಕ್ಕಳ ಮಾತು ಬಂದೊಡನೆ ನಾಲಗೆಯ ಮೇಲೆ ನಿಲ್ಲುವ ಪದ ‘ಅನಾಥ’. ನಾಥನಿಲ್ಲದವನು, ಕಾಯುವವನಿಲ್ಲದವನು ಎಂಬುದು ಅದರ ವ್ಯುತ್ಪತ್ತಿ. ತಂದೆತಾಯಿ ತೀರಿಕೊಂಡವನೆಂಬುದು ರೂಢಿಯಿಂದ ಬಂದ ಅರ್ಥ. ಇಂಗ್ಲೆಂಡಿನ ಈ ಮಕ್ಕಳಿಗೆ ರೂಢಿಯ ಅರ್ಥಕ್ಕಿಂತ ವ್ಯುತ್ಪತ್ತಿಯ ಅರ್ಥವೇ ಹೆಚ್ಚು ಹೊಂದುತ್ತದೆ. 2024ರ ಮಾರ್ಚ್ 31ರಂದು ಅಲ್ಲಿನ ಕೌನ್ಸಿಲುಗಳ ಪಾಲನೆಯಲ್ಲಿದ್ದ ಮಕ್ಕಳು ಸುಮಾರು 83,600. ಅವರಲ್ಲಿ ಬಹುಮಂದಿಯ ಹೆತ್ತವರು ಬದುಕಿಯೇ ಇದ್ದಾರೆ. ಮೂವರಲ್ಲಿ ಇಬ್ಬರು ಮನೆಯಲ್ಲಿ ನಡೆದ ಹಿಂಸೆಯಿಂದಲೋ ಅಲಕ್ಷ್ಯದಿಂದಲೋ ಕೌನ್ಸಿಲಿನ ಕೈಸೇರಿದವರು. ಉಳಿದವರಲ್ಲಿ ಹಲವು ಬಗೆಯವರುಂಟು. ದೂರದ ದೇಶಗಳಿಂದ ಒಂಟಿಯಾಗಿ ಬಂದು ಆಶ್ರಯ ಕೇಳಿದ ಹುಡುಗರೂ ಅವರೊಳಗೆ ಸೇರಿದ್ದಾರೆ. ಹೀಗೆ ಬಂದ ಮಕ್ಕಳೆಲ್ಲರನ್ನೂ ದೊಡ್ಡ ನಿಲಯಗಳಲ್ಲಿ ಕೂಡಿಹಾಕುತ್ತಾರೆಂದು ಭಾವಿಸಬಾರದು. ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಸಾಕುಮನೆಗಳಲ್ಲಿ ಬೆಳೆಯುತ್ತಾರೆ. ಕೌನ್ಸಿಲು ಪರೀಕ್ಷಿಸಿ ಒಪ್ಪಿದ ಒಂದು ಸಂಸಾರ ಆ ಮಗುವನ್ನು ತನ್ನ ಮನೆಯಲ್ಲಿಟ್ಟುಕೊಳ್ಳುತ್ತದೆ. ಅದಕ್ಕೆ ಭತ್ಯವೂ ಸಲ್ಲುತ್ತದೆ. ಇದು ದತ್ತು ಸ್ವೀಕಾರವಲ್ಲವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಸಾಕುವವರು ಆ ಸಂಸಾರದವರಾದರೂ ಹೊಣೆಗಾರನು ಕೌನ್ಸಿಲೇ.

ಕೌನ್ಸಿಲು ಎಂದೊಡನೆ ನಮಗೆ ಬೀದಿದೀಪ, ಚರಂಡಿ, ನಲ್ಲಿನೀರು ನೆನಪಾಗುವುದು ಸಹಜ. ಅಲ್ಲಿ ಅದರ ಕೈ ಇನ್ನೂ ಉದ್ದ. ಶಾಲೆ, ವೃದ್ಧರ ಆರೈಕೆ, ಬಡವರ ವಸತಿ, ಮಕ್ಕಳ ರಕ್ಷಣೆ ಇವೆಲ್ಲ ಬಹಳಮಟ್ಟಿಗೆ ಅದರ ಪಾಲಿಗೆ ಬಂದಿವೆ. ಮಕ್ಕಳ ಹೊಣೆ ಹೊತ್ತ ಇಂಥ ಸಂಸ್ಥೆಗಳು ಇಂಗ್ಲೆಂಡಿನಲ್ಲಿ ನೂರೈವತ್ತಕ್ಕೂ ಹೆಚ್ಚು. ಈ ಸಂಬಂಧಕ್ಕೆ ಆ ಜನ ಇಟ್ಟಿರುವ ಹೆಸರು ಸ್ವಾರಸ್ಯವಾದದ್ದು: ‘ಕಾರ್ಪೊರೇಟ್ ಪೇರೆಂಟ್’, ಎಂದರೆ ಸಂಸ್ಥೆಯ ರೂಪದ ತಂದೆತಾಯಿ. ಅರಸನೇ ಪ್ರಜೆಗಳಿಗೆ ತಂದೆಯೆಂದು ನಮ್ಮ ಹಿಂದಿನ ಕವಿಗಳು ಹೊಗಳಿದ್ದುಂಟು. ಹೊಗಳಿಕೆಯ ಮಾತನ್ನು ಹಿಡಿದು ಯಾರೂ ಅರಸನ ಮೇಲೆ ದಾವೆ ಹೂಡುತ್ತಿರಲಿಲ್ಲ. ಇಲ್ಲಿ ಹೂಡಬಹುದು, ಹೂಡಿದವರೂ ಉಂಟು. ಆದುದರಿಂದ ಶಾಸನದಲ್ಲಿ ಯಾವ ಕ್ರಿಯಾಪದ ಬಿದ್ದಿದೆ ಎಂಬುದು ಆ ಮಕ್ಕಳ ಪಾಲಿಗೆ ಅನ್ನ-ವಸತಿಗಳ ಪ್ರಶ್ನೆಯಾಗುತ್ತದೆ.

ಈ ಶಾಸನಗಳ ಹಿಂದೆ ಒಂದು ಸಾವು ಇದೆ. ಡೆನಿಸ್ ಓನೀಲ್ ಎಂಬ ಹನ್ನೆರಡು ವರ್ಷದ ಹುಡುಗನನ್ನು ವೇಲ್ಸಿನ ನ್ಯೂಪೋರ್ಟ್ ಕೌನ್ಸಿಲು ಶ್ರಾಪ್‌ಷೈರಿನ ಒಂದು ಹೊಲಮನೆಗೆ ಸಾಕಲು ಕೊಟ್ಟಿತ್ತು. 1945ರ ಜನವರಿಯಲ್ಲಿ ಅವನು ಹೊಡೆತಗಳಿಂದಲೂ ಹಸಿವಿನಿಂದಲೂ ಸತ್ತ. ಸಾಕಿದವನಿಗೆ ಶಿಕ್ಷೆಯಾಯಿತು. ವಿಚಾರಣೆ ನಡೆಸಿದ ಸರ್ ವಾಲ್ಟರ್ ಮಾಂಕ್ಟನ್ ಅವರಿಗೆ ಕಂಡದ್ದು ಆ ಒಬ್ಬನ ಕ್ರೌರ್ಯವಷ್ಟೇ ಅಲ್ಲ. ಕಳುಹಿಸಿದ ಊರಿಗೂ ಇಟ್ಟುಕೊಂಡ ಊರಿಗೂ ನಡುವೆ ಕೆಟ್ಟುಹೋಗಿದ್ದ ವ್ಯವಹಾರ. ಮಗುವಿನ ಮೇಲೆ ಕಣ್ಣಿಟ್ಟಿರಬೇಕಾದವರು ಯಾರೆಂಬುದು ಸ್ಪಷ್ಟವಾಗಿರಲಿಲ್ಲ. ಅದೇ ಕಾಲದಲ್ಲಿ ಮೈರಾ ಕರ್ಟಿಸ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾಗಿದ್ದ ಸಮಿತಿ 1946ರಲ್ಲಿ ವರದಿಯನ್ನೊಪ್ಪಿಸಿತು. ಅದರ ಫಲವಾಗಿ 1948ರ ಮಕ್ಕಳ ಕಾಯಿದೆ ಬಂತು. ಊರೂರಿನ ಮಕ್ಕಳಿಗೆ ಪ್ರತ್ಯೇಕ ಇಲಾಖೆ, ಅದಕ್ಕೊಬ್ಬ ಅಧಿಕಾರಿ ಎಂದು ಗೊತ್ತಾಯಿತು.

ಆ ಕಾಯಿದೆಯಲ್ಲಿ ನನ್ನ ಗಮನ ಸೆಳೆದ ಒಂದು ಮಾತಿದೆ. ಶಾಲೆಯ ವಯಸ್ಸನ್ನು ದಾಟಿ ಪಾಲನೆಯಿಂದ ಹೊರಬಂದ ಹುಡುಗ ಹದಿನೆಂಟು ತುಂಬುವವರೆಗೆ ತನ್ನ ಸೀಮೆಯಲ್ಲಿದ್ದಾನೆಂದು ತಿಳಿದರೆ, ಅವನಿಗೆ ಅಗತ್ಯವಿರುವಾಗ, ಕೌನ್ಸಿಲು ಅವನಿಗೆ ಸಲಹೆ ನೀಡಿ ಅವನೊಡನೆ ಗೆಳೆತನದಿಂದಿರಬೇಕು. ಮುಂದೆ 1989ರ ಮಕ್ಕಳ ಕಾಯಿದೆ ಇದನ್ನು ಮೂರಾಗಿ ಬೆಳೆಸಿತು: ಸಲಹೆ, ಸಹಾಯ, ಸ್ನೇಹ. ಸರ್ಕಾರದ ಕಾಯಿದೆಯೊಂದು ಸ್ನೇಹವನ್ನು ವಿಧಿಸುವುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಸ್ನೇಹ ಆಜ್ಞೆಗೆ ಬರುವ ವಸ್ತುವೇ ಎಂದು ನಗಬಹುದು. ಆದರೂ ಮನೆಯಿಂದ ಮೊದಲ ಸಲ ದೂರ ಹೋದ ಮಗನಿಗೆ ತಂದೆ ಮಾಡುವುದೇನು ಎಂದು ಪಟ್ಟಿ ಹಾಕಹೊರಟರೆ ಈ ಮೂರಕ್ಕಿಂತ ಬೇರೆ ಸಿಕ್ಕುವುದು ಕಷ್ಟ.

ತೊಡಕು ಇದ್ದದ್ದು ಕ್ರಿಯಾಪದದಲ್ಲಿ. ‘ಮಾಡಬೇಕು’ ಎಂಬುದಕ್ಕೂ ‘ಮಾಡಬಹುದು’ ಎಂಬುದಕ್ಕೂ ಇರುವ ಅಂತರವನ್ನು ಎಂಟನೆಯ ತರಗತಿಯ ಹುಡುಗನೂ ಬಲ್ಲ. ‘ಮನೆಪಾಠ ಬರೆಯಬಹುದು’ ಎಂದು ನಾನು ಹೇಳಿದ ದಿನ ಬರೆದು ತರುವವರು ಎಷ್ಟು ಮಂದಿ ಎಂಬುದು ನನಗೆ ಗೊತ್ತು. 1989ರ ಕಾಯಿದೆಯಲ್ಲಿ ಸ್ನೇಹಕ್ಕೆ ‘ಬೇಕು’ ಇತ್ತು; ಆದರೆ ಹಣ, ವಸತಿ, ವಿದ್ಯಾಭ್ಯಾಸಗಳ ಸಹಾಯದ ಕಡೆಗೆ ಬಂದಾಗ ಅದು ಬಹುಮಟ್ಟಿಗೆ ‘ಬಹುದು’ ಆಗಿಹೋಯಿತು. (ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯ 46ನೆಯ ಪ್ರಕರಣವೂ, ಹದಿನೆಂಟು ತುಂಬಿ ಪಾಲನಾ ಸಂಸ್ಥೆಯನ್ನು ಬಿಡುವ ಮಗುವಿಗೆ ಹಣದ ನೆರವು ‘ಕೊಡಬಹುದು’ ಎಂದೇ ಹೇಳುತ್ತದೆ.) ಕೊಡುವ ಮನಸ್ಸಿನ ಕೌನ್ಸಿಲು ಕೊಟ್ಟಿತು, ಉಳಿದವು ಕೈಕಟ್ಟಿ ಕುಳಿತವು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹುಡುಗ ಹದಿನಾರು ಹದಿನೇಳಕ್ಕೇ ಪಾಲನೆಯಿಂದ ಹೊರಬಿದ್ದರೆ ಅವನಿಗೆ ಸಿಕ್ಕಬಹುದಾಗಿದ್ದ ಜೀವನಭತ್ಯ ಕೇಂದ್ರ ಸರ್ಕಾರದ ಬೊಕ್ಕಸದ್ದು. ಒಳಗಿದ್ದಷ್ಟು ದಿನ ಅವನ ಖರ್ಚು ಕೌನ್ಸಿಲಿನದು. ಲೆಕ್ಕ ಬರೆಯುವವನು ದುಷ್ಟನಾಗಿರಬೇಕಿಲ್ಲ. ಲೆಕ್ಕವೇ ಹುಡುಗನನ್ನು ಬಾಗಿಲ ಕಡೆಗೆ ನೂಕುತ್ತಿತ್ತು. ಇಂಗ್ಲೆಂಡಿನ ಇತರ ಮನೆಗಳ ಮಕ್ಕಳು ಇಪ್ಪತ್ತು ದಾಟಿದ ಮೇಲೂ ತಂದೆತಾಯಿಯರ ಮನೆಯಲ್ಲಿದ್ದು, ಕೆಲಸ ಕಳೆದುಕೊಂಡರೆ ಮತ್ತೆ ಅಲ್ಲಿಗೇ ಬಂದು ಮಲಗುತ್ತಿದ್ದ ಕಾಲದಲ್ಲಿ, ಊರೇ ತಂದೆಯಾಗಿದ್ದ ಮಕ್ಕಳು ಹದಿನಾರಕ್ಕೇ ಒಂಟಿ ಕೋಣೆಯಲ್ಲಿ ಒಲೆ ಹಚ್ಚಲು ಕಲಿಯುತ್ತಿದ್ದರು. ಅಂಥವರಲ್ಲಿ ಬೀದಿಪಾಲಾದವರೂ ಸೆರೆಮನೆ ಸೇರಿದವರೂ ತಮ್ಮ ಸಂಖ್ಯೆಗೆ ಮೀರಿ ಹೆಚ್ಚಾಗಿದ್ದರು.

ಇದನ್ನು ನೇರವಾಗಿ ಎದುರಿಸಿದ್ದು 2000ದ ಕಾಯಿದೆ. 2001ರ ಅಕ್ಟೋಬರಿನಲ್ಲಿ ಅದು ಜಾರಿಗೆ ಬಂತು. ಅದರ ಮುಖ್ಯ ಯುಕ್ತಿ ಲೆಕ್ಕದಲ್ಲೇ ಇದೆ. ಹದಿನಾರು ಹದಿನೇಳರ ಇಂಥ ಮಕ್ಕಳಿಗೆ, ಕೆಲವರನ್ನು ಬಿಟ್ಟು, ಕೇಂದ್ರದ ಭತ್ಯವನ್ನು ನಿಲ್ಲಿಸಿ, ಅವರ ಊಟ ವಸತಿಗಳ ಹೊಣೆಯನ್ನು ಕೌನ್ಸಿಲಿನ ಮೇಲೆಯೇ ಹೊರಿಸಿತು. ಹುಡುಗ ಒಳಗಿರಲಿ ಹೊರಗಿರಲಿ ಖರ್ಚು ತನ್ನದೇ ಎಂದಾದ ಮೇಲೆ ಬೇಗ ಹೊರಗೆ ಕಳುಹಿಸುವುದರಲ್ಲಿ ಲಾಭವಿಲ್ಲವಾಯಿತು. ಉಪದೇಶದಿಂದ ಆಗದ್ದನ್ನು ಲೆಕ್ಕದ ಪುಸ್ತಕ ಮಾಡಿತು.

ಅದೇ ಕಾಯಿದೆ ಇನ್ನೆರಡು ಏರ್ಪಾಡುಗಳನ್ನು ತಂದಿತು. ಒಂದು, ‘ದಾರಿಯ ಯೋಜನೆ’. ಹುಡುಗ ಎಲ್ಲಿರುತ್ತಾನೆ, ಏನು ಓದುತ್ತಾನೆ, ಹಣವನ್ನು ಹೇಗೆ ನಡೆಸುತ್ತಾನೆ, ಯಾರ ಆಸರೆಯಿದೆ ಎಂಬುದನ್ನೆಲ್ಲ ಅವನೊಡನೆ ಕುಳಿತು ಬರೆದು, ಆಗಾಗ ತಿದ್ದಬೇಕಾದ ಪತ್ರ. ಎರಡು, ಒಬ್ಬ ಸ್ವಂತ ಸಲಹೆಗಾರ. ‘ಸ್ವಂತ’ ಎಂದರೆ ಆ ಹುಡುಗನಿಗೆ ಹೆಸರಿಟ್ಟು ಗೊತ್ತುಮಾಡಿದ ಒಬ್ಬ ವ್ಯಕ್ತಿ. ಇಂಥ ಹಲವು ತರುಣರು ಅವರ ಪಾಲಿಗಿರುತ್ತಾರೆಂಬುದು ಬೇರೆ ಮಾತು.

ಆದರೆ ಈ ಹಕ್ಕುಗಳು ಎಲ್ಲರಿಗೂ ಇಲ್ಲ. ಹದಿನಾಲ್ಕು ತುಂಬಿದ ಮೇಲೆ ಒಟ್ಟು ಹದಿಮೂರು ವಾರಗಳಾದರೂ ಕೌನ್ಸಿಲಿನ ಪಾಲನೆಯಲ್ಲಿದ್ದಿರಬೇಕು. ಆ ಕಾಲ ಹದಿನಾರರ ಆಚೆಗೂ ಚಾಚಿರಬೇಕು. ಹನ್ನೆರಡು ವಾರ ಇದ್ದವನ ಕಷ್ಟ ಹದಿಮೂರು ವಾರ ಇದ್ದವನ ಕಷ್ಟಕ್ಕಿಂತ ಕಡಮೆಯೆಂದು ಯಾರೂ ವಾದಿಸಲಾರರು. ಆದರೆ ಕಾಯಿದೆಗೆ ಎಲ್ಲೋ ಒಂದು ಗೆರೆ ಬೇಕಲ್ಲ! ಆ ಗೆರೆಯ ಬಳಿ ನಡೆದ ಒಂದು ವ್ಯಾಜ್ಯ ಪ್ರಸಿದ್ಧವಾದುದು. ತಾಯಿ ಮನೆಯಿಂದ ಹೊರಗೆ ಹಾಕಿದ ಹದಿನೇಳರ ಹುಡುಗನೊಬ್ಬ ಲಂಡನ್ನಿನ ಸದರ್ಕ್ ಕೌನ್ಸಿಲಿನ ಮಕ್ಕಳ ವಿಭಾಗಕ್ಕೆ ಹೋಗಿ ಆಸರೆ ಕೇಳಿದ. ನಿನಗೆ ಬೇಕಾದದ್ದು ವಸತಿ ಮಾತ್ರ, ವಸತಿ ವಿಭಾಗಕ್ಕೆ ಹೋಗು ಎಂಬುದು ಅವನಿಗೆ ಸಿಕ್ಕ ಉತ್ತರದ ಸಾರ. ಕಚೇರಿಯ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಕಳುಹಿಸುವುದು ಸಣ್ಣ ಸಂಗತಿಯಂತೆ ತೋರುತ್ತದೆ. ಆದರೆ ವಸತಿ ವಿಭಾಗ ಕೊಟ್ಟ ಕೋಣೆಯಲ್ಲಿ ಎಷ್ಟು ವಾರ ಕಳೆದರೂ ಅವು ‘ಪಾಲನೆ’ಯ ವಾರಗಳಾಗುವುದಿಲ್ಲ; ಮುಂದೆ ಸಲಹೆಗಾರನೂ ಇಲ್ಲ, ಯೋಜನೆಯೂ ಇಲ್ಲ. 2009ರ ಮೇ ತಿಂಗಳಲ್ಲಿ ಹೌಸ್ ಆಫ್ ಲಾರ್ಡ್ಸ್ ಹುಡುಗನ ಪರವಾಗಿ ತೀರ್ಪು ಕೊಟ್ಟಿತು. ಅಗತ್ಯದಲ್ಲಿರುವ ಮಗುವಿಗೆ ಇರಲು ನೆಲೆಯಿಲ್ಲದಿದ್ದರೆ ಮಕ್ಕಳ ವಿಭಾಗವೇ ಆ ಹೊಣೆ ಹೊರಬೇಕು, ಇನ್ನೊಂದು ಕಿಟಕಿಯನ್ನು ತೋರಿಸಿ ಜಾರಿಕೊಳ್ಳುವಂತಿಲ್ಲ ಎಂಬುದು ಅದರ ತಾತ್ಪರ್ಯ.

ಇನ್ನು ಹದಿನೆಂಟರ ಹೊಸ್ತಿಲ ವಿಷಯ. ಆರು ವರ್ಷದಿಂದ ಒಂದೇ ಸಾಕುಮನೆಯಲ್ಲಿ ಬೆಳೆದ ಹುಡುಗಿಗೆ ಹುಟ್ಟುಹಬ್ಬ ಬಂತೆನ್ನಿ. ಹಿಂದೆಲ್ಲ ಆ ದಿನವೇ ಅವಳು ಗಂಟುಮೂಟೆ ಕಟ್ಟಬೇಕಾಗುತ್ತಿತ್ತು, ಇಲ್ಲವೆ ಸಾಕಿದವರು ಕೈಯಿಂದ ಹಾಕಿ ಇಟ್ಟುಕೊಳ್ಳಬೇಕಾಗುತ್ತಿತ್ತು. ಹನ್ನೊಂದು ಕೌನ್ಸಿಲುಗಳಲ್ಲಿ ಪ್ರಯೋಗ ಮಾಡಿ ನೋಡಿದ ಮೇಲೆ 2014ರ ಕಾಯಿದೆ ಇದಕ್ಕೊಂದು ಪರಿಹಾರ ತಂದಿತು. ಇಬ್ಬರಿಗೂ ಒಪ್ಪಿಗೆಯಾದರೆ ಅವಳು ಇಪ್ಪತ್ತೊಂದರವರೆಗೆ ಅದೇ ಮನೆಯಲ್ಲಿ ಉಳಿಯಬಹುದು, ಕೌನ್ಸಿಲು ಅದಕ್ಕೆ ನೆರವಾಗಬೇಕು. ‘ಸ್ಟೇಯಿಂಗ್ ಪುಟ್’ ಎಂದು ಅದರ ಹೆಸರು. ‘ಇದ್ದಲ್ಲೇ ಇರುವುದು’ ಎಂದು ಕನ್ನಡಿಸಿದರೆ ಸಾಕು. ನನ್ನ ಎಣಿಕೆಯಲ್ಲಿ ಈ ಸರಣಿಯ ಅತ್ಯಂತ ಮನುಷ್ಯಸಹಜವಾದ ಏರ್ಪಾಡು ಇದೇ. ಹೊಸದಾಗಿ ಏನನ್ನೂ ಕಟ್ಟಲಿಲ್ಲ, ಇದ್ದದ್ದನ್ನು ಮುರಿಯಲಿಲ್ಲ.

ಆದರೂ ಒಳಗೆ ನೋಡಿದರೆ ಬಿರುಕುಗಳಿವೆ. ಹದಿನೆಂಟು ತುಂಬಿದ ಬೆಳಗ್ಗೆ, ಕಾಯಿದೆಯ ದೃಷ್ಟಿಯಲ್ಲಿ, ನಿನ್ನೆಯ ಸಾಕುಮಗಳು ಇಂದು ಆ ಮನೆಯಲ್ಲಿ ಅನುಮತಿಯ ಮೇಲೆ ಇರುವ ವಯಸ್ಕ ನಿವಾಸಿ. ಮಗುವನ್ನು ಸಾಕುವವರಿಗೆ ದೇಶಕ್ಕೆಲ್ಲ ಒಂದು ಕನಿಷ್ಠ ಭತ್ಯ ಗೊತ್ತಾಗಿದೆ. ಹದಿನೆಂಟು ದಾಟಿದವರಿಗೆ ಅದು ಅನ್ವಯಿಸುವುದಿಲ್ಲ, ಎಷ್ಟೆಂಬುದನ್ನು ಆಯಾ ಕೌನ್ಸಿಲು ನಿರ್ಧರಿಸುತ್ತದೆ. ಆದಾಯ ಕಡಮೆಯಾದಾಗ, ಆ ಕೋಣೆಗೆ ಇನ್ನೊಂದು ಮಗು ಕಾದಿರುವಾಗ, ಪ್ರೀತಿಯಿರುವ ಮನೆಯೂ ಹಿಂದುಮುಂದು ನೋಡಬೇಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಬಿರುಕು ಬೇರೆ ಇದೆ. ಮಕ್ಕಳ ನಿಲಯದಲ್ಲಿ ಬೆಳೆದವನಿಗೆ 2014ರ ಕಾಯಿದೆ ಈ ಹಕ್ಕನ್ನು ಕೊಡಲಿಲ್ಲ. ಸಾಕುಮನೆಯಲ್ಲಿ ನೆಲೆಗೊಳ್ಳಲಾಗದೆ ಹಲವು ಕಡೆ ಅಲೆದು ನಿಲಯ ಸೇರಿದವರೇ ಅವರಲ್ಲಿ ಹೆಚ್ಚು. ಆಸರೆ ಯಾರಿಗೆ ಹೆಚ್ಚು ಬೇಕೋ ಅವರೇ ಹೊರಗುಳಿದರು. ನಿಲಯದ ಹತ್ತಿರದಲ್ಲೇ ವಾಸಕ್ಕೆ ಜಾಗ ಕೊಟ್ಟು, ಅಲ್ಲಿನ ಪರಿಚಿತ ಸಿಬ್ಬಂದಿಯೊಡನೆ ಸಂಬಂಧವನ್ನು ಉಳಿಸಿಕೊಡುವ ‘ಸಮೀಪವಾಸ’ದ ಪ್ರಯೋಗಗಳು ಆಮೇಲೆ ನಡೆದವು. ಸಮೀಪ ಎಂಬುದು ಒಳಗೆ ಎಂಬುದಲ್ಲ.

ಹೊಸ ಮನೆ ಹೂಡಲು ಕೊಡುವ ಹಣದ ವಿಷಯವನ್ನು ಬೇಗ ಮುಗಿಸಬಹುದು. ಹಾಸಿಗೆ, ಒಲೆ, ಪಾತ್ರೆಗಳಿಗಾಗಿ ಕೊಡಬೇಕೆಂದು ಸರ್ಕಾರ ಸೂಚಿಸುವ ಮೊತ್ತ 2023ರಲ್ಲಿ ಎರಡು ಸಾವಿರ ಪೌಂಡಿನಿಂದ ಮೂರು ಸಾವಿರಕ್ಕೆ ಏರಿತು. ಉನ್ನತ ವ್ಯಾಸಂಗಕ್ಕೆ ಹೋದವರಿಗೆ ಎರಡು ಸಾವಿರ ಪೌಂಡಿನ ವಿದ್ಯಾರ್ಥಿವೇತನವುಂಟು. ನೆರೆಯ ವೇಲ್ಸ್ ಇದಕ್ಕಿಂತ ಧೈರ್ಯದ ಒಂದು ಪರೀಕ್ಷೆಗೆ ಕೈಹಾಕಿತು. 2022ರ ಜುಲೈಯಿಂದ ಒಂದು ವರ್ಷದೊಳಗೆ ಹದಿನೆಂಟು ತುಂಬಿ ಪಾಲನೆ ಬಿಟ್ಟವರಿಗೆ ಎರಡು ವರ್ಷಗಳ ಕಾಲ ತಿಂಗಳಿಗೆ 1,600 ಪೌಂಡು, ತೆರಿಗೆಗೆ ಮೊದಲಿನ ಲೆಕ್ಕದಲ್ಲಿ, ಯಾವ ಷರತ್ತೂ ಇಲ್ಲದೆ. ಆರುನೂರಕ್ಕೂ ಹೆಚ್ಚು ತರುಣರು ಅದರಲ್ಲಿ ಸೇರಿದರು.

ತೆರಿಗೆಯ ವಿಷಯವನ್ನು ಮಾತ್ರ ಬೇಗ ಮುಗಿಸಲಾಗದು. ಅಲ್ಲಿ ವಾಸದ ಮನೆಗೆ ಸ್ಥಳೀಯ ತೆರಿಗೆಯುಂಟು. ಒಂಟಿಯಾಗಿ ಮನೆ ಹಿಡಿದ ತರುಣನೂ ಕೊಡಬೇಕು. ಹಣ ನಡೆಸುವ ಅಭ್ಯಾಸವಿಲ್ಲದ ಹತ್ತೊಂಬತ್ತರ ಹುಡುಗ ಒಂದು ಕಂತು ತಪ್ಪಿಸಿದನೆನ್ನಿ. ಜ್ಞಾಪನ ಪತ್ರ ಬರುತ್ತದೆ. ಹಾಗೆಯೇ ಬಿಟ್ಟರೆ ಇಡೀ ವರ್ಷದ ಬಾಕಿ ಒಟ್ಟಿಗೆ ಬೀಳುತ್ತದೆ. ನ್ಯಾಯಾಲಯದ ಕರೆ ಬರುತ್ತದೆ, ಅದರ ಖರ್ಚು ಬಾಕಿಗೆ ಸೇರುತ್ತದೆ. ಕೊನೆಗೆ ನಮ್ಮ ಅಮೀನರಂತಹವರು ಬಾಗಿಲಿಗೆ ಬರುತ್ತಾರೆ. ಕಳುಹಿಸಿದವನು ಯಾರು? ಅವನ ತಂದೆಯೆಂದು ಕಾಗದದಲ್ಲಿ ಬರೆಸಿಕೊಂಡ ಕೌನ್ಸಿಲೇ. ಕೆಲವು ಸೀಮೆಗಳಲ್ಲಿ ಇನ್ನೊಂದು ಗೋಜೂ ಉಂಟು: ಮಕ್ಕಳ ಹೊಣೆ ಹೊತ್ತದ್ದು ಮೇಲಿನ ಕೌಂಟಿ ಕೌನ್ಸಿಲು, ವಸತಿ ಕೊಡುವುದೂ ತೆರಿಗೆ ಎತ್ತುವುದೂ ಕೆಳಗಿನ ಡಿಸ್ಟ್ರಿಕ್ಟ್ ಕೌನ್ಸಿಲು. ಸ್ಕಾಟ್ಲೆಂಡು 2018ರಲ್ಲಿ, ವೇಲ್ಸು 2019ರಲ್ಲಿ ಪಾಲನೆ ಬಿಟ್ಟ ತರುಣರಿಗೆ ದೇಶಕ್ಕೆಲ್ಲ ಒಂದೇ ನಿಯಮದಿಂದ ಈ ತೆರಿಗೆಯನ್ನು ಬಿಟ್ಟುಕೊಟ್ಟವು. ಇಂಗ್ಲೆಂಡಿನಲ್ಲಿ ಬಹಳ ಕೌನ್ಸಿಲುಗಳು ತಾವಾಗಿ ರಿಯಾಯಿತಿ ಕೊಟ್ಟಿವೆ. ಆದರೆ ಒಂದು ಕಡೆ ಇಪ್ಪತ್ತೊಂದರವರೆಗೆ, ಇನ್ನೊಂದು ಕಡೆ ಇಪ್ಪತ್ತೈದರವರೆಗೆ. ತಾನು ಬೆಳೆಸಿದ ಹುಡುಗ ಪಕ್ಕದ ಸೀಮೆಯಲ್ಲಿ ಕೆಲಸ ಹಿಡಿದು ನೆಲಸಿದರೆ ಆ ರಿಯಾಯಿತಿ ಅವನ ಹಿಂದೆ ಹೋಗಲೇಬೇಕೆಂದಿಲ್ಲ. ಮತ್ತೆ ಅದೇ ‘ಬಹುದು’.

ಇಷ್ಟೆಲ್ಲ ಇದ್ದೂ ಹತ್ತೊಂಬತ್ತರಿಂದ ಇಪ್ಪತ್ತೊಂದರ ವಯಸ್ಸಿನ ಇಂಥ ತರುಣರಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಓದಿನಲ್ಲೂ ಇಲ್ಲ, ಕೆಲಸದಲ್ಲೂ ಇಲ್ಲ, ತರಬೇತಿಯಲ್ಲೂ ಇಲ್ಲ. ಆ ವಯಸ್ಸಿನ ಇತರರ ಪ್ರಮಾಣ ಇದರ ಅರ್ಧಕ್ಕಿಂತ ಕಡಮೆ. ಬಾಲ್ಯದ ಪೆಟ್ಟು ಎಂದು ಇದನ್ನೆಲ್ಲ ಹಿಂದಕ್ಕೆ ತಳ್ಳಿಬಿಡುವುದು ಸುಲಭ. ಪೆಟ್ಟೇನೋ ನಿಜ. ಆದರೆ ಮೊದಲ ಕೆಲಸ ಹೋದಾಗ, ಪರೀಕ್ಷೆ ತಪ್ಪಿದಾಗ, ಜ್ವರ ಬಂದಾಗ ಹಿಂತಿರುಗಲು ಮನೆಯಿರುವುದೂ ಇಲ್ಲದಿರುವುದೂ ಒಂದೇ ಅಲ್ಲವೆಂಬುದು ಪಾಠ ಹೇಳಿದ ಯಾರಿಗೂ ಗೊತ್ತಿರುವ ಸಂಗತಿ. ನಮ್ಮ ಶಾಲೆಗಳಲ್ಲಿ ತಪ್ಪಿದ ಪರೀಕ್ಷೆಗೆ ಎರಡನೆಯ ಸಲ ಕುಳಿತು ಪಾಸಾಗುವ ಹುಡುಗರ ಹಿಂದೆ ಆ ಆರು ತಿಂಗಳು ಅನ್ನ ಹಾಕಿದವರೊಬ್ಬರು ಇದ್ದೇ ಇರುತ್ತಾರೆ.

ಈ ಅರಿವು ಶಾಸನಕ್ಕೆ ಬಂದದ್ದು 2017ರಲ್ಲಿ. ಜಾರಿಗೆ ಬಂದದ್ದು 2018ರ ಏಪ್ರಿಲಿನಲ್ಲಿ. ಒಳ್ಳೆಯ ತಂದೆತಾಯಿ ಲಕ್ಷ್ಯವಿಡುವ ಸಂಗತಿಗಳೆಂದು ಏಳು ತತ್ತ್ವಗಳನ್ನು ಆ ಕಾಯಿದೆ ಹೇಳಿತು. ತಾನು ಏನೇನು ಕೊಡುತ್ತೇನೆಂಬುದನ್ನು ಪ್ರತಿಯೊಂದು ಕೌನ್ಸಿಲೂ ಬರೆದು ಪ್ರಕಟಿಸಬೇಕೆಂದು ವಿಧಿಸಿತು. ಹೀಗಾಗಿ ಒಂದು ಊರಿನ ಔದಾರ್ಯವನ್ನೂ ಇನ್ನೊಂದು ಊರಿನ ಬಿಗಿಮುಷ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು. ಅಲ್ಲಿಯವರೆಗೆ, ಓದುತ್ತಿರುವವರನ್ನು ಬಿಟ್ಟರೆ, ಸ್ವಂತ ಸಲಹೆಗಾರ ಇಪ್ಪತ್ತೊಂದಕ್ಕೆ ಕೈಬಿಡುತ್ತಿದ್ದ. ಈಗ ಇಪ್ಪತ್ತೈದು ತುಂಬುವವರೆಗೆ, ಓದಲಿ ಬಿಡಲಿ, ಕೇಳಿದವರಿಗೆ ಅವನ ನೆರವು ಸಿಗಬೇಕು.

ಸಲಹೆಗಾರನ ಕೆಲಸ ಹೊರಗಿನಿಂದ ನೋಡಿದರೆ ಬಹಳ ಸಾಧಾರಣವಾದದ್ದು. ಹೊಸ ಕೋಣೆಗೆ ಹೋದವನನ್ನು ಒಂದು ವಾರದೊಳಗೆ ನೋಡಬೇಕು, ಆಮೇಲೆ ಎರಡು ತಿಂಗಳಿಗೊಮ್ಮೆಯಾದರೂ ನೋಡಬೇಕು. ಅರ್ಜಿ ತುಂಬಿಸುವುದು, ವೈದ್ಯರಲ್ಲಿ ಹೆಸರು ಬರೆಸುವುದು, ಮನೆಯ ಒಡೆಯನೊಡನೆ ಮಾತಾಡುವುದು, ಬಂದ ಕಾಗದವನ್ನು ಒಡೆದು ಓದಿಸುವುದು ಇಂಥವೇ ಅವನ ದಿನಚರಿ. ಹತ್ತೊಂಬತ್ತರಲ್ಲಿ ಬಹಳ ತರುಣರು ಇದನ್ನು ಬೇಡವೆನ್ನುತ್ತಾರೆ. ಬಾಲ್ಯವೆಲ್ಲ ಕಚೇರಿಯವರ ಕಣ್ಣೆದುರಿನಲ್ಲೇ ಕಳೆದವರು ಬೇಡವೆನ್ನುವುದರಲ್ಲಿ ಆಶ್ಚರ್ಯವೇನಿದೆ! 2017ರ ಕಾಯಿದೆ ಅದನ್ನೂ ಎಣಿಸಿದೆ. ಇಪ್ಪತ್ತೊಂದು ತುಂಬಿದವನು ನೆರವು ಕೇಳಲಿ ಕೇಳದಿರಲಿ, ಕೌನ್ಸಿಲು ಹನ್ನೆರಡು ತಿಂಗಳಿಗೊಮ್ಮೆಯಾದರೂ ತಾನಾಗಿ ಅವನನ್ನು ಸಂಪರ್ಕಿಸಿ, ಸಲಹೆಗಾರ ಇನ್ನೂ ಸಿಗುತ್ತಾನೆಂದು ತಿಳಿಸಬೇಕು. ಈ ವಾಕ್ಯದಲ್ಲಿರುವುದು ‘ಬಹುದು’ ಅಲ್ಲ, ‘ಬೇಕು’. ಹತ್ತೊಂಬತ್ತರಲ್ಲಿ ಬಾಗಿಲು ಹಾಕಿಕೊಂಡವನು ಇಪ್ಪತ್ತಮೂರರಲ್ಲಿ ಕೆಲಸ ಬಿಟ್ಟುಹೋಗಿ, ಅಥವಾ ಕೈಗೂಸಿನ ತಂದೆಯಾಗಿ, ವರ್ಷಕ್ಕೊಮ್ಮೆ ಬರುವ ಆ ಕಾಗದವನ್ನು ಹಿಡಿದುಕೊಂಡು ಬಂದರೆ, ದಾರಿಯ ಯೋಜನೆಯನ್ನು ಮತ್ತೆ ಅವನೊಡನೆ ಕುಳಿತು ಬರೆಯುತ್ತಾರೆ.